ಗೆರೆ ಎಳೆದ ಕೈ ಯಾರದು?

ಹೊಸದಾಗಿ ಕೈಗೆ ಬಂದ ಯಾವ ಸಾಮಾನನ್ನೂ ನಾನು ಕೂಡಲೇ ನಂಬುವವಳಲ್ಲ. ಕುಕ್ಕರ್ ತಂದರೆ ಮೊದಲು ಬರೀ ನೀರು ಹಾಕಿ ಸೀಟಿ ಕೂಗಿಸಿ ನೋಡುತ್ತೇನೆ. ಅಂಗಡಿ ಬಾಡಿಗೆಗೆ ಹಿಡಿಯುವ ಮುಂಚೆ ಒಂದು ಜೋರು ಮಳೆ ಬರುವ ತನಕ ಕಾದು, ಸೂರು ಸೋರುತ್ತದಾ ಅಂತ ನೋಡಿ ಆಮೇಲೆ ಅಡ್ವಾನ್ಸ್ ಕೊಟ್ಟವಳು. ಹಾಗಿರುವಾಗ ಮುಟ್ಟಿದರೆ ಗೆರೆ ಮೂಡುವ, ಕೆಲವು ಸಲ ಮುಟ್ಟದಿದ್ದರೂ ಗೆರೆ ಮೂಡುವ ಒಂದು ಗಾಜಿನ ಹಲಗೆಯನ್ನು ನಂಬಿ ಇಷ್ಟು ವರ್ಷದ ಪೆನ್ಸಿಲ್ಲನ್ನು ಕೆಳಗಿಡುವುದು ಅಂದರೆ ಸುಮ್ಮನೆ ಆಗುವ ಮಾತಾ?

ಮದುವೆ ರವಿಕೆಗಳ ತೋಳು, ಬೆನ್ನಿನ ಮೇಲೆ ಜರಿ, ಮಣಿ ಕೂರಿಸಿ ಕಸೂತಿ ಮಾಡುತ್ತಾರಲ್ಲ, ಅದಕ್ಕೆ ಮೊದಲು ಚಿತ್ರ ಬರೆಯುವುದು ನನ್ನ ಕಸುಬು. ಮನೆ ಮಂಡ್ಯದ ಗುತ್ತಲಿನಲ್ಲಿ, ಅಂಗಡಿ ಮದ್ದೂರಿನಲ್ಲಿ. ಅಂಗಡಿಯ ಹಿಂಭಾಗದಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದುಕೊಂಡು ಇಬ್ಬರು ಹೆಂಗಸರು ಕಸೂತಿ ಹಾಕುತ್ತಾರೆ. ಮುಂದೆ ಕೂತು ನಾನು ಬರೆಯುತ್ತೇನೆ, ಗಿರಾಕಿಗಳ ಜತೆ ಚೌಕಾಸಿ ಮಾಡುತ್ತೇನೆ. ಬರೆಯುವುದನ್ನು ಯಾವ ಶಾಲೆಯಲ್ಲೂ ಕಲಿತವಳಲ್ಲ. ಬಸರಾಳಿನ ನಮ್ಮ ಮನೆ ಬಾಗಿಲಿಗೆ ರಂಗೋಲಿ ಬಿಡುತ್ತಿದ್ದ ಕೈ, ಮಂಡ್ಯದ ಟೈಲರ್ ಅಂಗಡಿಯಲ್ಲಿ ಕಾಜ ಹಾಕುತ್ತಾ ಹಾಕುತ್ತಾ ಪೆನ್ಸಿಲ್ ಹಿಡಿಯಿತು. ಚೌಕಾಸಿ ಮಾತ್ರ ಹುಟ್ಟಿನಿಂದ ಬಂದದ್ದು.

ಕಾಗದದ ಕೆಲಸ ಹೀಗಿತ್ತು. ಆಚೆಯದು ಮಸುಕಾಗಿ ಕಾಣುವ ಬಟರ್ ಪೇಪರಿನ ಮೇಲೆ ಚಿತ್ರ ಬರೆಯಬೇಕು. ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚಬೇಕು. ಆ ಹಾಳೆಯನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಅರಿವೆಯಿಂದ ತಿಕ್ಕಿದರೆ, ತೂತಿನೊಳಗಿಂದ ಇಳಿದು ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಚಿತ್ರ ನಿಲ್ಲುತ್ತದೆ. ಆ ತೂತು ಹಾಳೆಯೇ ನನ್ನ ಆಸ್ತಿ. ಅದನ್ನು ಯಾರ ಕೈಗೂ ಕೊಟ್ಟವಳಲ್ಲ. ನೋಡಬೇಕೆಂದವರು ಅಂಗಡಿಗೆ ಬರಬೇಕು, ನನ್ನ ಕಣ್ಣೆದುರಿಗೇ ನೋಡಬೇಕು, ವಾಪಸ್ ಕೊಡಬೇಕು. ಈ ಕಸುಬಿಗೆ ಹೊಸದಾಗಿ ಬರುವವರಿಗೆ ಈಗಲೂ ಹೇಳುತ್ತೇನೆ: ನಗುತ್ತಾ ಮಾತಾಡಿ, ಕಾಫಿ ತರಿಸಿಕೊಡಿ, ಹಾಳೆ ಮಾತ್ರ ಬಿಟ್ಟುಕೊಡಬೇಡಿ.

ಟ್ಯಾಬ್ ಕೊಳ್ಳುವ ಹಾಗೆ ಮಾಡಿದ್ದು ಗಿರಾಕಿಗಳೇ. ಮುಂಚೆ ಗಿಣಿ ಅಂದರೆ ಗಿಣಿ. ಈಗ ಗಿಣಿ ಬರೆದು ಮುಗಿಸುವಷ್ಟರಲ್ಲಿ ನವಿಲು ಬೇಕು ಅನ್ನುತ್ತಾರೆ. ನವಿಲಿನ ಬಾಲ ಇಳಿಸಿದರೆ ಏರಿಸಿ ಅನ್ನುತ್ತಾರೆ. ಉಜ್ಜಿ ಉಜ್ಜಿ ಹಾಳೆ ಹರಿದುಹೋಗುತ್ತಿತ್ತು, ಹರಿದ ಹಾಳೆಯ ಬಾಬ್ತು ನನ್ನ ತಲೆಗೇ. ಕೊನೆಗೆ ಮಂಡ್ಯದ ಮೊಬೈಲ್ ಅಂಗಡಿಯೊಂದರಲ್ಲಿ ಸೆಕೆಂಡ್‌ಹ್ಯಾಂಡ್ ಟ್ಯಾಬ್ ನೋಡಲು ಹೋದೆ.

"ಸ್ಕ್ರಾಚೇ ಇಲ್ಲ ಕಣಕ್ಕ, ಒಸದು ಅನ್ನಂಗದೆ" ಅಂದ ಅಂಗಡಿಯವನು.

"ಒಸದು ಅನ್ನಂಗಿದ್ರೆ ಇದ್ನ ಮಾರ್ದೋನು ಯಾಕ್ ಮಾರ್ದ ಅಂತ ಯೋಳು ಮತ್ತೆ" ಅಂದೆ.

ಅವನು ಪೆಚ್ಚಾಗಿ ನಕ್ಕ. ನನ್ನ ಚೀಲದಿಂದ ಸ್ಕೇಲು ತೆಗೆದೆ. ನೀವೂ ಕೊಳ್ಳುವುದಿದ್ದರೆ ಕೇಳಿಸಿಕೊಳ್ಳಿ: ಅಂಗಡಿಯವನು ಬಣ್ಣ ತೋರಿಸುತ್ತಾನೆ, ಹೊಳಪು ತೋರಿಸುತ್ತಾನೆ, ಅದನ್ನೆಲ್ಲ ಬಿಡಿ. ಗಾಜಿನ ಮೇಲೆ ಓರೆಯಾಗಿ ಸ್ಕೇಲ್ ಇಟ್ಟು, ಅದರ ಪೆನ್ನಿನಿಂದ ಆದಷ್ಟೂ ನಿಧಾನಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ನೇರ ಬಂದರೆ ಸರಿ. ಚಳಿಗೆ ನಡುಗಿದವರ ಹಾಗೆ ಅಂಕುಡೊಂಕಾದರೆ ಎದ್ದು ಬನ್ನಿ. ಇವನ ಟ್ಯಾಬಿನಲ್ಲಿ ಒಂದು ಮೂಲೆ ಮಾತ್ರ ಸ್ವಲ್ಪ ನಡುಗುತ್ತಿತ್ತು. ಆ ಮೂಲೆಯನ್ನೇ ಹಿಡಿದು ಬೆಲೆ ಇಳಿಸಿದೆ. ಅವನು ಪೆನ್ನಿನ ಜತೆ ಒಂದು ಚೀಲವನ್ನೂ ಕೊಟ್ಟ. ಅಷ್ಟು ಸಲೀಸಾಗಿ ಕೊಟ್ಟನಲ್ಲ, ಇನ್ನೂ ಇಳಿಸಬಹುದಿತ್ತೇನೋ ಅನ್ನುವ ಅನುಮಾನ ಇವತ್ತಿಗೂ ಇದೆ.

ಮೊದಮೊದಲು ಅದು ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಕಾಗದ ಪೆನ್ಸಿಲ್ಲನ್ನು ಹಿಡಿದುಕೊಳ್ಳುತ್ತದೆ, ಗಾಜು ಜಾರಿಸುತ್ತದೆ. ಅಂಗೈ ಊರಿದರೆ ಅಂಗೈಗೂ ಒಂದು ಗೆರೆ. ಜೆರಾಕ್ಸ್ ಅಂಗಡಿಯಲ್ಲಿ ಮೊದಲ ಪ್ರಿಂಟ್ ತೆಗೆಸಿದಾಗ, ಅವರ ಮಿಷನ್ನು ಹಾಳೆಗೆ ಹೊಂದುವ ಹಾಗೆ ತಾನೇ ಚಿತ್ರವನ್ನು ಕುಗ್ಗಿಸಿಬಿಟ್ಟಿತ್ತು. ನಾನು ನೋಡದೆ ಚುಚ್ಚಿದೆ. ತೋಳಿನ ಸುತ್ತ ಬರಬೇಕಾದ ಬಳ್ಳಿ ಒಂದಕ್ಕೊಂದು ಮುಟ್ಟದೆ ನಡುವೆ ಬೋಳು ಉಳಿಯಿತು. ಅಲ್ಲಿಂದ ಮುಂದೆ ಟೇಪು ಹಿಡಿದು ಅಳೆಯದೆ ಒಂದು ಪ್ರಿಂಟನ್ನೂ ಮುಟ್ಟುವುದಿಲ್ಲ.

ಇದಕ್ಕಿಂತ ದೊಡ್ಡ ಅನುಮಾನ ಬೇರೆ ಇತ್ತು. ಕಾಗದ ನನ್ನ ಬೀರುವಿನಲ್ಲಿರುತ್ತದೆ, ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಟ್ಯಾಬಿನಲ್ಲಿ ಬರೆದದ್ದು ಎಲ್ಲಿರುತ್ತದೆ? ಒಳಗಿರುತ್ತದೆ ಅಂತ ಒಬ್ಬರು, ಎಲ್ಲೋ ದೂರದ ಕಂಪ್ಯೂಟರಿಗೂ ಹೋಗುತ್ತದೆ ಅಂತ ಇನ್ನೊಬ್ಬರು. ಹಾಗಾಗಿ ಬರೆಯಲು ಕೂತಾಗೆಲ್ಲ ನೆಟ್ ಆಫ್ ಮಾಡುತ್ತಿದ್ದೆ. ಬರೆದು ಮುಗಿಸಿ ಆನ್ ಮಾಡುವಾಗ, ಹಟ್ಟಿ ಬಾಗಿಲು ತೆಗೆದಿಟ್ಟು ಹೊರಗೆ ಹೋದ ಹಾಗಾಗುತ್ತಿತ್ತು.

ಹೀಗಿರುವಾಗ ಮಳವಳ್ಳಿ ಕಡೆಯಿಂದ ಒಬ್ಬ ಹೆಂಗಸು ಬಂದರು. ನನಗಿಂತ ದೊಡ್ಡವರು. ಎರಡನೆಯ ಮಗಳ ಮದುವೆ ಗೊತ್ತಾಗಿತ್ತು, ರವಿಕೆ ಆಗಬೇಕಿತ್ತು. ತೋಳಿಗೊಂದರಂತೆ ಬಾಳೆಗೊನೆಯ ಮೇಲೆ ಕೂತ ಜೋಡಿ ಗಿಣಿ ಬರೆದು ಟ್ಯಾಬಿನಲ್ಲಿ ತೋರಿಸಿದೆ. ಅವರು ಗಿಣಿ ಬಿಟ್ಟು ಟ್ಯಾಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ನೀನು ಬರ್ದಿದ್ದಾ, ಇಲ್ಲ ಅದ್ರೊಳಗೇ ಇತ್ತಾ?"

"ನಾನೇ ಬರ್ದಿದ್ದು ಕಣಕ್ಕ."

"ಎಲ್ರೂ ಅಂಗೇ ಅಂತಾರೆ ಬುಡವ್ವ."

ಅವರ ಅನುಮಾನಕ್ಕೆ ಕಾರಣ ಆಮೇಲೆ ಹೊರಬಿತ್ತು. ದೊಡ್ಡ ಮಗಳ ಮದುವೆಗೆ ಬೇರೆ ಒಂದು ಅಂಗಡಿಯಲ್ಲಿ ರವಿಕೆ ಮಾಡಿಸಿದ್ದರಂತೆ. ನಿಮ್ಮ ಮಗಳಿಗೆ ಅಂತಲೇ ಬರೆದ ಡಿಸೈನು ಅಂದಿದ್ದರಂತೆ. ಧಾರೆಯ ದಿನ ಗಂಡಿನ ಕಡೆಯ ನೆಂಟಳೊಬ್ಬಳು ಅದೇ ಬಣ್ಣದ, ಅದೇ ಬಳ್ಳಿಯ, ಅದೇ ಹಂಸದ ರವಿಕೆ ಹಾಕಿಕೊಂಡು ಊಟದ ಪಂಕ್ತಿಯಲ್ಲಿ ಕೂತಿದ್ದಳು. ಫೋನಿನಿಂದ ಇಳಿಸಿದ್ದು ಅನ್ನುವುದು ಆಗ ಗೊತ್ತಾಯಿತು.

"ಮದ್ವೆಣ್ಣಿನ ಬ್ಲೌಸು ಪಾಯಸ ಉಣ್ಣೋರ ಮೈಮೇಲೂ ಅದೆ ಅಂತ ನಗಾಡಿದ್ರು ಕಣವ್ವ. ಇವತ್ಗೂ ಯಾವ ಅಬ್ಬುಕ್ಕೋದ್ರೂ ಆ ಮಾತು ತೆಗೀತಾರೆ. ನನ್ ಮಗ್ಳು ಆ ಬ್ಲೌಸ ಇನ್ನೊಂದ್ ಸಲ ಆಕ್ನಿಲ್ಲ. ಇವ್ಳಿಗೂ ಅಂಗಾದ್ರೆ ನಾನು ಮೊಕ ಎಲ್ಲಿಟ್ಕಳ್ಳಿ?"

ಆ ಮಾತಿಗೆ ನನ್ನ ಮನಸ್ಸು ಕರಗಿತು. ಆದರೆ ಕರಗಿದ್ದನ್ನು ಗಿರಾಕಿಗೆ ತೋರಿಸಬಾರದು, ರೇಟು ಇಳಿಯುತ್ತದೆ. "ನಿಮ್ ಕಣ್ಮುಂದೇನೇ ಬರೀತೀನಿ ನೋಡ್ರಕ್ಕ" ಅಂದು ಹೊಸ ಹಾಳೆ ತೆರೆದೆ. ಟ್ಯಾಬಿನಲ್ಲಿ ಒಂದು ಅನುಕೂಲ ಇದೆ. ನಡುವೆ ಒಂದು ಗೀಟು ಇಟ್ಟು, ಬಲಗಡೆ ಬರೆದರೆ ಎಡಗಡೆಯೂ ಕನ್ನಡಿಯಲ್ಲಿ ಕಂಡಂತೆ ಅದೇ ಮೂಡುತ್ತದೆ. ರವಿಕೆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಾನು ಎಂದಿನಂತೆ ಬಲಗಡೆಯ ಗಿಣಿಯ ಕೊಕ್ಕು ಎಳೆದೆ. ಆಚೆಯೂ ಒಂದು ಕೊಕ್ಕು ಹುಟ್ಟಿತು.

ಅವರು ಸ್ಟೂಲಿನಿಂದ ಎದ್ದೇ ನಿಂತರು. "ಇತ್ಲಾಗ್ ನೀನು ಬರೀತಿದ್ದೀಯ. ಅತ್ಲಾಗ್ ಬರೀತಿರೋರ್ ಯಾರು?"

ವಿವರಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಂಗಾರೆ ಅರ್ಧ ನೀನು, ಅರ್ಧ ಅದು. ನೀನು ಅರ್ಧ ಕೂಲಿ ತಕೋ. ಅದುಕ್ಕೆ ನಾನೇನೂ ಕೊಡ್ಬೇಕಾಗಿಲ್ವಲ್ಲ."

ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಪಟ್ಟು ಯಾರೂ ಹಾಕಿರಲಿಲ್ಲ. ಬೀರು ತೆಗೆದು ಹಳೆಯ ಬಟರ್ ಪೇಪರ್ ಒಂದನ್ನು ತಂದೆ. ಎರಡಾಗಿ ಮಡಿಸಿ, ಒಂದು ಬದಿಯಲ್ಲಿ ಎಲೆ ಬರೆದು, ಮಡಿಕೆ ಸಮೇತ ಸೂಜಿ ಚುಚ್ಚಿ, ಬಿಚ್ಚಿ ತೋರಿಸಿದೆ. ಎರಡೂ ಕಡೆ ಒಂದೇ ಎಲೆ. "ನೋಡ್ರಕ್ಕ, ಕಾಗ್ದದಲ್ಲೂ ನಾವು ಇಂಗೇ ಮಾಡ್ತಿದ್ದಿದ್ದು. ಆ ಕಡೆ ಎಲೆನ ಯಾರ್ ಬರುದ್ರು? ಯಾರೂ ಇಲ್ಲ. ಮಡಿಕೆ ಬರೀತು. ಇದೂ ಅಂಗೇಯ."

ಗೆದ್ದೆ ಅಂದುಕೊಂಡು ಅವರ ಮುಖ ನೋಡಿದೆ.

"ಅಂದ್ರೆ ಇಷ್ಟ್ ವರ್ಸದಿಂದ ಅರ್ಧ ಬರ್ದು ಪೂರಾ ದುಡ್ಡು ಇಸ್ಕತಿದ್ದಾ ಅನ್ನು!"

ಹಿಂದೆ ಚೌಕಟ್ಟಿನ ಹತ್ತಿರ ಕೂತಿದ್ದ ಇಬ್ಬರೂ ಸೂಜಿ ಬಿಟ್ಟು ನಕ್ಕರು. ಒಬ್ಬಳಂತೂ "ಸರಿಯಾಗ್ ಕೇಳುದ್ರಿ ಕಣಕ್ಕ" ಅಂದಳು, ನನ್ನ ಸಂಬಳ ತಿನ್ನುವವಳು. ನಾನು ಹಾಳೆಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದೆ. ಅವತ್ತು ಕಲಿತ ಬುದ್ಧಿ ಇದು: ಕಸುಬಿನ ಒಳಗುಟ್ಟನ್ನು ಸಾಕ್ಷಿಗೆ ಅಂತ ಎಂದೂ ಹೊರಗೆ ಹಾಕಬಾರದು. ಅದು ನಿಮ್ಮ ಕಡೆಯೇ ಸಾಕ್ಷಿ ಹೇಳುತ್ತದೆ ಅನ್ನುವ ಖಾತ್ರಿ ಇಲ್ಲ.

ಕೊನೆಗೆ ಅವರ ಮಾತೇ ನಿಂತಿತು. ಕನ್ನಡಿ ಬೇಡ, ಮಡಿಕೆ ಬೇಡ, ಎರಡು ತೋಳಿನ ಗಿಣಿಗಳನ್ನೂ ಬೇರೆ ಬೇರೆಯಾಗಿ ಬರೆಯಬೇಕು, ಬರೆಯುವಾಗ ಅವರು ಪಕ್ಕದಲ್ಲಿ ಕೂತಿರಬೇಕು. ಪೂರಾ ಕೂಲಿ ಕೊಡುತ್ತಾರೆ. ಒಪ್ಪಿದೆ.

ಮತ್ತೊಂದು ದಿನ ಬಂದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೂತರು. ನಾನು ಎಡತೋಳಿನದನ್ನು ಬರೆದು ಬಲತೋಳಿನದಕ್ಕೆ ಕೈ ಹಾಕುವಷ್ಟರಲ್ಲಿ ಅವರಿಗೆ ಇನ್ನೊಂದು ಚಿಂತೆ ಹತ್ತಿತು. "ಈಗ ನಾನ್ ನೋಡ್ದೆ, ಸರಿ. ನಾಳೀಕೆ ಬೀಗ್ರು ಕೇಳುದ್ರೆ ಏನ್ ತೋರ್ಸಾನ?"

ಅದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಬರೆದದ್ದನ್ನೆಲ್ಲ ಮೊದಲಿನಿಂದ ಕೊನೆಯ ತನಕ ಟ್ಯಾಬು ತಾನೇ ವಿಡಿಯೊ ಮಾಡಿ ಇಟ್ಟುಕೊಂಡಿರುತ್ತದೆ. ಹೆಮ್ಮೆಯಿಂದ ಒತ್ತಿದೆ. ಬಿಳಿ ಹಾಳೆಯ ಮೇಲೆ ಕೊಕ್ಕು ಬಂತು, ಕಣ್ಣು ಬಂತು, ರೆಕ್ಕೆ ಗರಿಗರಿಯಾಗಿ ಬಿಚ್ಚಿಕೊಂಡಿತು.

ಅವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಇದ್ರಲ್ಲಿ ನಿನ್ ಕೈಯೆಲ್ಲವ್ವ?"

ನೋಡಿದೆ. ನಿಜ, ಕೈ ಇರಲಿಲ್ಲ. ಗೆರೆಗಳು ತಮ್ಮಷ್ಟಕ್ಕೆ ತಾವೇ ಇರುವೆ ಸಾಲಿನ ಹಾಗೆ ಹರಿದುಕೊಂಡು ಹೋಗುತ್ತಿದ್ದವು. ಎಷ್ಟೋ ಸಲ ಆ ವಿಡಿಯೊ ನೋಡಿದ್ದೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಾಗದದಲ್ಲಿ ಉಜ್ಜಿದ ಕಲೆ ಇರುತ್ತದೆ, ಹೆಬ್ಬೆರಳಿನ ಮಸಿ ಇರುತ್ತದೆ, ಯೋಚನೆ ಮಾಡುತ್ತಾ ಪೆನ್ಸಿಲ್ ಒತ್ತಿ ನಿಂತ ಕಡೆ ಒಂದು ಗುಳಿ ಇರುತ್ತದೆ. ಇದು ನನ್ನ ಗೆರೆಯನ್ನೆಲ್ಲ ಇಟ್ಟುಕೊಂಡು ನನ್ನನ್ನು ಮಾತ್ರ ಆಚೆ ಬಿಟ್ಟಿತ್ತು. ನಾಳೆ ಯಾರಾದರೂ ಇದು ನನ್ನದು ಅಂದರೆ ನಾನೇನು ಹೇಳಲಿ? ನೆಟ್ ಆಫ್ ಮಾಡಿಕೊಂಡು ಕಾವಲು ಕಾಯುತ್ತಿದ್ದವಳಿಗೆ, ಕಾಯಬೇಕಾದದ್ದು ಬೇರೆಯೇ ಇತ್ತೇನೋ ಅನ್ನಿಸಿತು.

"ತಡಿ, ನಾನೇ ಇಡಿತೀನಿ" ಅಂದು ಅವರು ತಮ್ಮ ಫೋನ್ ತೆಗೆದರು. ಕ್ಯಾಮೆರಾ ನನ್ನ ಕಡೆ ತಿರುಗಿದ್ದೇ ನಾನು ಟ್ಯಾಬಿನ ಮೇಲೆ ಸೆರಗು ಎಳೆದೆ.

"ಯಾಕವ್ವ ಮುಚ್ತೀಯ?"

"ಇದು ನಿಮ್ ಮನೆಯೋರ ಗ್ರೂಪಿಗೆ ಓಯ್ತದೆ. ಅಲ್ಲಿಂದ ಇನ್ನೊಂದ್ ಗ್ರೂಪಿಗೆ ಓಯ್ತದೆ. ಮದ್ವೆ ದಿನ ಇನ್ಯಾರ್ದೋ ತೋಳಲ್ಲಿ ಇದೇ ಗಿಣಿ ಕೂತಿರ್ತದೆ. ಆಮೇಲೆ ನನ್ನೇ ಬೋಯ್ತೀರಿ."

"ನಾನ್ ಯಾರ್ಗೂ ಕಳ್ಸಲ್ಲ."

"ಎಲ್ರೂ ಅಂಗೇ ಅಂತಾರೆ ಬುಡ್ರಕ್ಕ."

ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು, ಆಮೇಲೆ ನಕ್ಕರು. ಇಬ್ಬರಿಗೂ ಹೆದರಿಕೆ ಒಂದೇ, ಅದಕ್ಕೆ ಮದ್ದು ಮಾತ್ರ ಬೇರೆ ಬೇರೆ. ಅವರಿಗೆ ತೋರಿಸಬೇಕು, ನನಗೆ ಮುಚ್ಚಬೇಕು. ಸಾಕಷ್ಟು ಹೊತ್ತು ಎಳೆದಾಡಿ ಒಂದು ತೀರ್ಮಾನಕ್ಕೆ ಬಂದೆವು. ಟ್ಯಾಬಿನ ಮೇಲೆ ಬಟ್ಟೆ ಮುಚ್ಚಿ, ಪೆನ್ನಿನ ತುದಿ ಓಡಾಡುವಷ್ಟು ಜಾಗ ಮಾತ್ರ ಬಿಡುವುದು. ಕೈ ಚೆನ್ನಾಗಿ ಕಾಣಬೇಕು, ಗಿಣಿ ಕಾಣಬಾರದು. ಹಾಗೇ ಹಿಡಿದುಕೊಂಡರು. ನನ್ನ ಹಸಿರು ಬಳೆ, ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟ ಗೆಣ್ಣಿನ ಕಲೆ, ತುದಿಯಲ್ಲಿ ಒಂದಿಷ್ಟು ಗರಿ. ಒಳ್ಳೆಯ ವ್ಯವಹಾರ ಮಾಡಿದೆ ಅಂದುಕೊಂಡೆ.

ಕಸೂತಿ ಮುಗಿದು ರವಿಕೆ ಅವರ ಕೈ ಸೇರಿದ ಮೇಲೂ ನನಗೆ ಸಮಾಧಾನ ಇರಲಿಲ್ಲ. ಮಂಡ್ಯದ ಅಂಗಡಿ ಬೀದಿಯಲ್ಲಿ ಹೋಗುವಾಗ ಗೊಂಬೆಗಳಿಗೆ ಹಾಕಿದ ರವಿಕೆಗಳ ತೋಳನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಕಂಬಿ ಹಿಡಿಯಲು ಕೈ ಎತ್ತಿದರೆ ಸಾಕು, ಕಣ್ಣು ಅಲ್ಲಿಗೇ. ಗಿಣಿಗಳು ಬೇಕಾದಷ್ಟು ಕಂಡವು, ನನ್ನವು ಕಾಣಲಿಲ್ಲ. ಮದುವೆಯೂ ಆಯಿತು. ಫೋನ್ ಬರಲಿಲ್ಲ. ಬೈಯಲು ಫೋನ್ ಬಂದಿಲ್ಲ ಅಂದರೆ ಎಲ್ಲ ಚೆನ್ನಾಗಿ ಆಗಿದೆ ಅಂತ ತಿಳಿದುಕೊಂಡೆ.

ಬೀಗರ ಊಟದ ದಿನ ಮಧ್ಯಾಹ್ನ ಫೋನ್ ಬಂತು.

"ಎಲ್ಲಿದ್ದೀಯವ್ವ?"

"ಅಂಗ್ಡೀಲಿ."

"ಈಗ್ಲೇ ಮಳವಳ್ಳಿ ಬಸ್ ಅತ್ತು. ನಿನ್ ಕೈ ಬೇಕಾಗದೆ."

ಏನು ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಹುಳ. ಮಣಿ ಉದುರಿತಾ? ಬಣ್ಣ ಬಿಟ್ಟಿತಾ? ಯಾರಾದರೂ ಅದೇ ರವಿಕೆ ಹಾಕಿಕೊಂಡು ಬಂದರಾ?

ಛತ್ರದ ಹಿಂದೆ ಮಟನ್ ಸಾರಿನ ವಾಸನೆ, ಮುದ್ದೆ ತಿರುವುವ ಸದ್ದು. ಮೊದಲ ಪಂಕ್ತಿ ಎದ್ದಿತ್ತು. ಎರಡನೆಯದಕ್ಕೆ ಉದ್ದ ಟೇಬಲ್ಲುಗಳ ಮೇಲೆ ಬಿಳಿ ಪೇಪರ್ ಉರುಳಿಸುತ್ತಿದ್ದರು. ಮದುಮಗಳು ಅದೇ ರವಿಕೆ ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಅವಳ ಮುಂದೆ ಗಂಡಿನ ಅಕ್ಕ. ಸುತ್ತ ಬೀಗರ ಕಡೆಯ ಹೆಂಗಸರು. ನಮ್ಮ ಗಿರಾಕಿಯಮ್ಮ ಬೇರೆ ಒಂದು ಕಡೆ ಫೋನ್ ಹಿಡಿದುಕೊಂಡು ನಿಂತಿದ್ದರು. ಮುಖ ಬಾಡಿಹೋಗಿತ್ತು.

ಆಗಿದ್ದು ಇಷ್ಟು. ರವಿಕೆಯ ಗಿಣಿ ಯಾವ ಆ್ಯಪಿನಿಂದ ಇಳಿಸಿದ್ದು ಅಂತ ಗಂಡಿನ ಅಕ್ಕ ಕೇಳಿದ್ದಳು. ಇವರು ತಟ್ಟನೆ ವಿಡಿಯೊ ತೋರಿಸಿದ್ದರು. ಅವಳು ನೋಡಿ ನಕ್ಕಿದ್ದಳು.

ನನ್ನನ್ನು ಕಂಡು ಅದನ್ನೇ ಮತ್ತೆ ಅಂದಳು. "ಇದ್ರಲ್ಲಿ ಬರೀ ಕೈಯಿ, ಬಳೆ, ಬಟ್ಟೆ ಕಾಣ್ತದೆ. ಗಿಣಿ ಎಲ್ಲದೆ? ಯಾರ್ ಕೈಯೋ, ಏನ್ ಬರೀತಿದ್ರೋ, ಯಾರ್ಗ್ ಗೊತ್ತು? ದೊಡ್ಡೋಳ್ ಮದ್ವೇಲಿ ಆಗಿದ್ ಕತೆ ನಮ್ಗೂ ಗೊತ್ತು ಬುಡಿ."

ನಾನು ಮುಚ್ಚಿದ ಬಟ್ಟೆ. ನಾನು ಹಾಕಿದ ಷರತ್ತು. ನಮ್ಮ ಗಿರಾಕಿಯಮ್ಮ ನನ್ನ ಕಡೆ ಒಂದು ಸಲ ನೋಡಿ, ಫೋನನ್ನು ಸೆರಗಿನೊಳಗೆ ಸೇರಿಸಿದರು. ಬೈದಿದ್ದರೆ ವಾಪಸ್ ಏನಾದರೂ ಹೇಳುತ್ತಿದ್ದೆ.

ಟ್ಯಾಬು ಮದ್ದೂರಿನಲ್ಲಿತ್ತು. "ಯಾರ್ತಾವಾದ್ರೂ ಪೆನ್ ಅದಾ?" ಅಂದೆ. ಮುಯ್ಯಿ ಬರೆಯುತ್ತಿದ್ದವರು ತಮ್ಮ ಪೆನ್ ಕೊಟ್ಟರು. ಟೇಬಲ್ಲಿಗೆ ಹಾಸಿದ್ದ ಬಿಳಿ ಪೇಪರಿನ ಮುಂದೆ ಕೂತು, ಎಡತೋಳಿನ ಗಿಣಿಯಿಂದ ಶುರು ಮಾಡಿದೆ. ತಪ್ಪಾದರೆ ಹಿಂದಕ್ಕೆ ಕರೆಯುವ ಗುಂಡಿ ಇಲ್ಲ, ಉಜ್ಜುವ ರಬ್ಬರೂ ಇಲ್ಲ. ಬಹಳ ದಿನದಿಂದ ಗಾಜಿನ ಮೇಲೆ ಓಡಿದ ಕೈ, ಮೊದಲ ಗೆರೆಗೆ ಪೇಪರನ್ನು ಸ್ವಲ್ಪ ಹರಿಯಿತು. ಹೆಂಗಸರು ತಲೆಯ ಮೇಲೆ ಬಗ್ಗಿದ್ದರು. ಬಾಳೆಗೊನೆ, ಅದರ ಮೇಲೆ ಗಿಣಿಯ ಉಗುರು, ಬಗ್ಗಿದ ಕತ್ತು. ಮದುಮಗಳು ತಾನೇ ಮುಂದೆ ಬಂದು ತೋಳನ್ನು ಪೇಪರಿನ ಪಕ್ಕಕ್ಕೆ ತಂದಿಟ್ಟಳು. ಗಂಡಿನ ಅಕ್ಕ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ನಾನು ನಿಲ್ಲಿಸಲಿಲ್ಲ. ಬಲತೋಳಿನದನ್ನೂ ಬರೆದೆ. ಅದರ ಬಾಲ ಇದಕ್ಕಿಂತ ತುಸು ಮೇಲೆ, ರವಿಕೆಯಲ್ಲಿದ್ದ ಹಾಗೆಯೇ.

"ಇವ್ರುದ್ದೇ ಕೈಯಿ" ಅಂದಳು ಗಂಡಿನ ಅಕ್ಕ. ಮದುಮಗಳ ಸೆರಗು ಸರಿಮಾಡಿ, "ಬಾಮ್ಮ, ಊಟುಕ್ ಓಗಾನ" ಅಂದಳು. ಅಷ್ಟೇ. ನನ್ನ ಗಿರಾಕಿಯಮ್ಮನಿಗೆ ಅಷ್ಟು ಸಾಕಾಗಿತ್ತು. ಗೋಡೆಗೆ ಒರಗಿಕೊಂಡರು.

ನನ್ನ ಕಣ್ಣು ಬೇರೆ ಕಡೆ ಇತ್ತು. ಸುತ್ತ ಇದ್ದವರೆಲ್ಲ ಫೋನ್ ತೆಗೆಯುತ್ತಿದ್ದರು. "ಎಷ್ಟ್ ಚೆಂದಾಗದೆ, ತಡ್ರೇ, ಒಂದ್ ಫೋಟೋ ಇಡ್ಕತೀನಿ" ಅನ್ನುವುದು ಕೇಳಿಸಿತು. ಪೇಪರಿನ ಅಂಚಿಗೆ ನನ್ನ ಕೈ ಹೋಯಿತು. ಹರಿದುಹಾಕಿದರೆ ಬೀಗರ ಮುಂದೆ ಅವರ ಮರ್ಯಾದೆ ಏನಾಗಬೇಕು? ಬಿಟ್ಟರೆ ಸಂಜೆಯೊಳಗೆ ಮೈಸೂರಿನ ತನಕ ಹೋಗುತ್ತದೆ.

ಅಷ್ಟರಲ್ಲಿ ಗಿರಾಕಿಯಮ್ಮನೇ ಬಂದರು. ಎಲೆಯ ಕಟ್ಟಿನಿಂದ ಒಂದು ಬಾಳೆ ಎಲೆ ಎಳೆದು, ಎರಡು ಗಿಣಿಗಳ ಮೇಲೂ ಬರುವ ಹಾಗೆ ನನ್ನ ಮುಂದೆ ಹಾಸಿದರು. "ಫೋಟೋ ಆಮೇಲ್ ಇಡೀರಂತೆ, ಮೊದ್ಲು ಊಟುಕ್ ಕೂತ್ಕಳ್ರವ್ವ. ಲೇ, ಇಲ್ಲಿಗ್ ಮುದ್ದೆ ತತ್ತಾ!" ಅಂದು ಬಡಿಸುವವರನ್ನು ಕೂಗಿದರು. ಎಲೆಯ ಮೇಲೆ ಮುದ್ದೆ ಬಿತ್ತು, ಸಾರು ಬಿತ್ತು. ಫೋನುಗಳು ಒಂದೊಂದಾಗಿ ಚೀಲ ಸೇರಿದವು. ಅವರು ಪಕ್ಕದ ಎಲೆಗೆ ಕೂತು, ಬೆಳಗ್ಗೆಯಿಂದ ಏನೂ ತಿಂದಿಲ್ಲ ಕಣವ್ವ ಅಂದು ಮುದ್ದೆ ಮುರಿದರು.

ಎದ್ದ ಮೇಲೆ, ಎಲೆ ಎತ್ತುವವರು ಬರುವ ಮುಂಚೆ, ನನ್ನ ಎಲೆಯನ್ನು ಪೇಪರ್ ಸಮೇತ ಸುತ್ತಿಕೊಂಡು ಅವರೇ ಹಿತ್ತಲ ಕಡೆ ಹೋದರು. ಕೈ ತೊಳೆಯುವ ನೆಪದಲ್ಲಿ ಹಿಂದೆಯೇ ಹೋಗಿ, ಪೇಪರ್ ಬಿಚ್ಚಿ ಇಟ್ಟುಕೊಳ್ಳುತ್ತಾರಾ ಅಂತ ಕಿಟಕಿಯಿಂದ ನೋಡಿದೆ. ಕಸದ ತೊಟ್ಟಿಗೇ ಹಾಕಿದರು.